ಗೇರು ಪಕ್ಕಕ್ಕಿರುವ ಟ್ರ್ಯಾಕ್ಟರು

ಊರೊಳಗೆ ಹಿರಿಯರ ಮನೆಯಿದ್ದೂ ಹೊಲದ ನಡುವೆ ಹೋಗಿ ಮನೆ ಕಟ್ಟಿಕೊಂಡವರನ್ನು ವಿರೂಪಾಕ್ಷಿಪುರದ ಕಡೆಯ ಜನ ಒಂದು ಥರ ನೋಡುತ್ತಾರೆ. ಒಂದೋ ದಾಯಾದಿಗಳ ಜೊತೆ ಜಗಳವಿರಬೇಕು, ಇಲ್ಲವೇ ತಲೆ ನೆಟ್ಟಗಿರಲಿಕ್ಕಿಲ್ಲ. ದಾಸಪ್ಪನದು ಎರಡೂ ಅಲ್ಲ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಅವನ ಕಣ್ಣಿಗೆ ಮೊದಲು ಹೊಲ ಬೀಳಬೇಕು, ಅಷ್ಟೇ. ಮನೆ ಮುಂದೆ ಅಗಲವಾದ ಅಂಗಳ, ಪಕ್ಕಕ್ಕೆ ಕೊಟ್ಟಿಗೆ, ಹಿಂದೆ ರೇಷ್ಮೆಯ ಹುಳುಮನೆ, ಸುತ್ತ ಹಿಪ್ಪುನೇರಳೆ, ಅದರಾಚೆ ಒಂದಿಷ್ಟು ತೆಂಗು, ರಾಗಿಗೆಂದು ಬಿಟ್ಟ ಒಂದು ತುಂಡು. ಆ ನೆಲಕ್ಕೆ ಬೇರೆಯವರ ಎತ್ತು ಇಳಿಯಲು ಅವನು ಬಿಟ್ಟವನೇ ಅಲ್ಲ. ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ ಎಂಬ ಗಾದೆಯನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಹೆಂಡತಿ ವೆಂಕಟಲಕ್ಷ್ಮಮ್ಮ ಅವನು ಬಾಯಿ ತೆಗೆದ ಕೂಡಲೇ ಉಳಿದದ್ದನ್ನು ಹೇಳಿ ಮುಗಿಸಿಬಿಡುತ್ತಿದ್ದಳು. ಮಗನಂತೂ ಇರಲಿಲ್ಲ, ಒಬ್ಬಳೇ ಮಗಳು ಭಾನುಪ್ರಿಯ, ಮಾಗಡಿ ತಾಲ್ಲೂಕಿನ ಕಲ್ಯಕ್ಕೆ ಕೊಟ್ಟಾಗಿತ್ತು.

ಆ ಹೊಲದಲ್ಲಿ ವೆಂಕಟಲಕ್ಷ್ಮಮ್ಮ ಮಾಡದ ಕೆಲಸವಿಲ್ಲ. ಬಿತ್ತಿದ್ದಳು, ಕಳೆ ಕಿತ್ತಿದ್ದಳು, ಸೊಪ್ಪು ಕೊಯ್ದು ಹುಳಕ್ಕೆ ಹಾಕಿದ್ದಳು, ತಲೆಯ ಮೇಲೆ ಗೊಬ್ಬರ ಹೊತ್ತಿದ್ದಳು. ಒಂದನ್ನು ಮಾತ್ರ ಮಾಡಿರಲಿಲ್ಲ. ನೇಗಿಲು ಮುಟ್ಟಿರಲಿಲ್ಲ. ಹೆಂಗಸು ನೇಗಿಲು ಮುಟ್ಟಿದರೆ ಮಳೆ ಹೋಗುತ್ತದೆ ಎಂಬ ಮಾತು ಅವಳ ತವರಿನಲ್ಲೂ ಇತ್ತು. ಆದರೆ ಅದರ ಬಿಸಿ ತಟ್ಟಿದ್ದು ಮದುವೆಯಾದ ಹೊಸದರಲ್ಲಿ. ನೀರಿನ ಬಿಂದಿಗೆ ಹೊತ್ತು ಬರುತ್ತಿದ್ದವಳು ಅಂಗಳದಲ್ಲಿ ಅಡ್ಡ ಬಿದ್ದಿದ್ದ ನೇಗಿಲನ್ನು ದಾಟಿಬಿಟ್ಟಳು. ದಾಸಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಅವಳು ನೋಡುತ್ತಿದ್ದಂತೆಯೇ ಗಂಜಲ ತಂದು ಆ ನೇಗಿಲನ್ನು ತೊಳೆದ. ಆಮೇಲೆ ಅರಿಸಿನದ ನೀರು ಹಾಕಿ ಇನ್ನೊಂದು ಸಲ ತೊಳೆದ. ಎರಡು ಏಟು ಹಾಕಿದ್ದರೆ ಅವಳು ಅಂದೇ ಮರೆಯುತ್ತಿದ್ದಳು. ಈ ತೊಳೆದದ್ದನ್ನು ಮರೆಯಲಿಲ್ಲ. ಅಂದಿನಿಂದ ನೇಗಿಲು ಎಲ್ಲಿ ಬಿದ್ದಿದ್ದರೂ ಸುತ್ತು ಹಾಕಿಕೊಂಡೇ ನಡೆದಳು.

ಹೋದ ಕಾರ್ತಿಕದಲ್ಲಿ ದಾಸಪ್ಪ ಸಾಲಿನ ನಡುವೆಯೇ ಕುಸಿದ. ಎತ್ತುಗಳು ನೇಗಿಲಿನ ಸಮೇತ ಹಾಗೇ ನಿಂತಿದ್ದವು. ಲಕ್ವ ಎಂದರು. ರಾಮನಗರದ ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಮಾತು ತಿರುಗಿ ಬಂದಿತ್ತು, ಎಡಗೈ ಅರೆಬರೆ ಬಂದಿತ್ತು, ಎಡಗಾಲು ಬರಲಿಲ್ಲ. ಕೋಲು ಹಿಡಿದು ಕಾಲೆಳೆದುಕೊಂಡು ಅಂಗಳದವರೆಗೆ ಹೋಗುತ್ತಿದ್ದ. ದಿನಾ ಸಂಜೆ ವೆಂಕಟಲಕ್ಷ್ಮಮ್ಮ ಆ ಕಾಲಿಗೆ ಎಣ್ಣೆ ತಿಕ್ಕುವಾಗ, "ಒಸಿ ಒತ್ತಿ ನೋಡಾನ" ಎಂದು ಪಾದಕ್ಕೆ ಅಂಗೈ ಕೊಡುತ್ತಿದ್ದಳು. ಅವನು ಹಲ್ಲು ಕಚ್ಚಿ ಒತ್ತುತ್ತಿದ್ದ. ಅಂಗೈಗೆ ಏನೂ ತಿಳಿಯುತ್ತಿರಲಿಲ್ಲ. "ಬತ್ತಾ ಐತೆ ಕಣ್ರೀ" ಎಂದು ಅವಳು ಸುಳ್ಳು ಹೇಳುತ್ತಿದ್ದಳು.

ಎತ್ತುಗಳು ಬೇರೆಯವರ ಕೈಗೆ ಒಗ್ಗಲಿಲ್ಲ. ಕನಕಪುರದ ಕಡೆಯವನೊಬ್ಬ ಬಂದು ಹೊಡೆದುಕೊಂಡು ಹೋದ ದಿನ ದಾಸಪ್ಪ ಹುಳುಮನೆಯಿಂದ ಈಚೆಗೆ ಬರಲಿಲ್ಲ. ಮಾರನೆಯ ದಿನವೇ ತಮ್ಮ ನಟರಾಜು ಬಂದ. ಕೆಟ್ಟವನಲ್ಲ. ಆದರೆ ಪಕ್ಕದ ಹೊಲ ಅವನದು, ಬದು ಒಡೆದರೆ ಎರಡೂ ಒಂದೇ ಬಯಲು, ಅದು ಅವನ ಕಣ್ಣಿಗೆ ಕಾಣದೆ ಇರುತ್ತದೆಯೇ?

"ಅತ್ಗೆ, ಹೊಲವ ನಂಗೆ ಬುಟ್ಬುಡಿ. ನಾನೇ ಗೇಯ್ಕತೀನಿ. ತಿನ್ನಾಕೆ ನಿಮ್ಗೇನೂ ಕಮ್ಮಿ ಮಾಡಾಕಿಲ್ಲ" ಎಂದ.

ಅವನು ಕಮ್ಮಿ ಮಾಡುವವನಲ್ಲ ಎಂದು ವೆಂಕಟಲಕ್ಷ್ಮಮ್ಮನಿಗೆ ಗೊತ್ತಿತ್ತು. ಆದರೆ ಅವನು ಕೊಟ್ಟದ್ದನ್ನು ಉಣ್ಣುವುದು ಬೇರೆ, ಬೆಳೆದದ್ದನ್ನು ಉಣ್ಣುವುದು ಬೇರೆ. ಒಂದು ಸಲ ಬದು ಹೋದರೆ ಮನೆ ಮಾತ್ರ ತಮ್ಮದು, ಬಾಗಿಲು ತೆಗೆದರೆ ಕಾಣುವ ಹೊಲ ನಟರಾಜುವಿನದು. ಅವಳು ಗಂಡನ ಮುಖ ನೋಡಿದಳು. ದಾಸಪ್ಪ ಕೋಲಿನಿಂದ ನೆಲ ಕೆರೆಯುತ್ತಾ ಕೂತಿದ್ದವನು, "ಮಿನಿ ಟ್ರ್ಯಾಕ್ಟರ್ ತತ್ತೀವಿ ಕಣ್ಲಾ" ಎಂದ.

"ಓಡ್ಸೋರ್ಯಾರಣ್ಣಯ್ಯ?"

"ಅದ ನಾನು ನೋಡ್ಕತೀನಿ."

ದುಡ್ಡಿಗೆ ತೊಂದರೆಯಿರಲಿಲ್ಲ, ರೇಷ್ಮೆಗೂಡಿಗೆ ಆ ವರ್ಷ ಒಳ್ಳೆಯ ರೇಟಿತ್ತು. ಗಾಡಿ ಆರಿಸಲು ಚನ್ನಪಟ್ಟಣದ ಮೆಕ್ಯಾನಿಕ್ ಮಕ್ಬೂಲ್ ಜೊತೆಗೆ ಬಂದ. ದಾಸಪ್ಪನ ಪಂಪಿನ ಮೋಟಾರು ಕೆಟ್ಟಾಗೆಲ್ಲ ಬರುತ್ತಿದ್ದ ಹಳೆಯ ಪರಿಚಯದವನು. ಆಟೋದಲ್ಲಿ ಹೊರಟಾಗ ದಾಸಪ್ಪ ಆಟೋದವನ ಕೈಲಿ ಅಟ್ಟದ ಮೇಲಿಂದ ಎತ್ತಿನ ನೊಗ ಇಳಿಸಿಕೊಂಡು ಮಡಿಲ ಮೇಲೆ ಅಡ್ಡ ಇಟ್ಟುಕೊಂಡ. ಅದರ ಎರಡು ತುದಿಯೂ ಆಟೋದಿಂದ ಹೊರಗೆ ಚಾಚಿ, ಎದುರಿಗೆ ಬಂದವರೆಲ್ಲ ಹಾರ್ನ್ ಹೊಡೆಯುವಂತಾಯಿತು.

"ಇದ್ಯಾಕೆ ದಾಸಪ್ಪಣ್ಣ? ಟೇಪ್ ನನ್ನತ್ರ ಐತಲ್ಲ" ಎಂದ ಮಕ್ಬೂಲ್.

"ಸಾಲು ಬುಟ್ಟಿರಾದು ಇದರಳತೇಲಿ. ನಿನ್ ಟೇಪ್ಗೇನ್ ಗೊತ್ತು?"

ಷೋರೂಮಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ದಾಸಪ್ಪ ಮಾತ್ರ ಹೆಣ್ಣು ನೋಡಲು ಬಂದ ಗಂಡಿನ ಕಡೆಯವನ ಗತ್ತಿನಲ್ಲಿ ಒಂದೊಂದೇ ಗಾಡಿಯ ಹಿಂದೆ ನೊಗ ಹಿಡಿಸಿ ನೋಡಿದ. ದೊಡ್ಡದು ಹಿಪ್ಪುನೇರಳೆ ಸಾಲಿಗೆ ಹಿಡಿಸದು. ತೀರ ಚಿಕ್ಕದಕ್ಕೆ ರಾಗಿ ಹೊಲದ ಗಟ್ಟಿ ನೆಲದಲ್ಲಿ ಉಸಿರು ಹತ್ತುತ್ತದೆ. ಅಂಗಳದಲ್ಲಿ ಒಂದೇ ಸುತ್ತಿಗೆ ತಿರುಗಬೇಕು. ಕೊಟ್ಟಿಗೆಯ ತೊಲೆಗೆ ತಾಗದೆ ಒಳಗೆ ಹೋಗಬೇಕು. ಕೊನೆಗೆ ಎರಡು ಉಳಿದವು. ಮಕ್ಬೂಲ್ ಕೆಂಪನೆಯದನ್ನು ತಟ್ಟಿ, "ಇದು ಕಲ್ಲುಗುಂಡು ಇದ್ದಂಗೆ, ಇದ್ನೇ ತಗೊಳ್ಳಿ" ಎಂದ. ದಾಸಪ್ಪ ಅದರ ಸೀಟಿನ ಮುಂದೆ ಕೋಲಾಡಿಸಿದ.

"ಬ್ಯಾಡ. ಗೇರು ಎರಡು ಕಾಲಿನ ನಡುವೆ ಐತೆ. ಪಕ್ಕಕ್ಕಿರಬೇಕು."

"ಬಾಳಿಕೆಗೆ ಇದೇ ಒಳ್ಳೇದಣ್ಣ."

"ಬ್ಯಾಡ ಅಂದ್ನಲ್ಲ. ಆ ನೀಲಿದು ನೋಡು. ಸ್ಟೇರಿಂಗ್ ಹಗುರ ಐತಾ? ಮೆಟ್ಲು ತಗ್ಗಿಗೈತಾ? ಸೀಟು ಪೂರಾ ಮುಂದಕ್ಕೆ ತಳ್ಳು ನೋಡಾನ."

ವೆಂಕಟಲಕ್ಷ್ಮಮ್ಮ ಅವನ ಎಡಗಾಲನ್ನು ನೋಡಿದಳು. ಸತ್ತ ಕಾಲನ್ನು ಗೇರಿನ ಮೇಲಿಂದ ಎತ್ತಿ ಹಾಕಲಾಗುವುದಿಲ್ಲವೆಂದು ಪಕ್ಕಕ್ಕೆ ಕೇಳುತ್ತಿದ್ದಾನೆ. ಆರಡಿ ಆಳು ಸೀಟು ಮುಂದಕ್ಕೆ ಕೇಳುವುದೂ ಅದಕ್ಕೇ, ಹತ್ತಿರವಿದ್ದರೆ ಕಾಲಿಗೆ ಸಲೀಸಾದೀತೆಂದು. ಅವಳು ಮೆಲ್ಲಗೆ ಮಕ್ಬೂಲನ ಪಕ್ಕಕ್ಕೆ ಸರಿದು ಕೆಳಗಿನ ಪೆಡಲುಗಳನ್ನು ತೋರಿಸಿ, "ಇದ್ರಲ್ಲಿ ಯಾವ್ದಪ್ಪ ಜೋರಾಗಿ ತುಳೀಬೇಕಾದ್ದು?" ಎಂದು ಕೇಳಿದಳು.

"ಕ್ಲಚ್ಚಕ್ಕ. ಎಡಗಾಲಿಂದು. ಅದ ತುಳೀದೆ ಗಾಡಿ ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಬರಲ್ಲ."

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು ಅವಳಿಗೆ. ಉಗುಳಿದರೆ ಅಷ್ಟು ಜನರ ಮುಂದೆ ಗಂಡನ ಮಾನ ಹೋಗುತ್ತದೆ, ನುಂಗಿದರೆ ಹೊಲವೂ ಹೋಗುತ್ತದೆ, ಗಾಡಿಯೂ ದಂಡ. ಅಷ್ಟರಲ್ಲಿ ಸೇಲ್ಸಿನವನು, "ಒಂದ್ಸಲ ಹತ್ತಿ ಕೂತ್ಕೊಳ್ಳಿ ಗೌಡ್ರೇ, ಟ್ರಯಲ್ ನೋಡಿ" ಎಂದ. ದಾಸಪ್ಪ ಕೋಲನ್ನು ಊರಿ ನಿಂತು, "ಕಬ್ಬಾಳಮ್ಮನ ಪೂಜೆ ಆಗೋಗಂಟ ನಾನು ಯಾವ ಗಾಡಿನೂ ಹತ್ತಾಕಿಲ್ಲ" ಎಂದುಬಿಟ್ಟ. ನಮ್ಮ ಕಡೆ ಇಂಥ ಮಾತಿಗೆ ಎದುರಾಡುವವರಿಲ್ಲ. ಸೇಲ್ಸಿನವನು ಕೈ ಮುಗಿದ. ವೆಂಕಟಲಕ್ಷ್ಮಮ್ಮನೂ ಸುಮ್ಮನಾದಳು, ಅಮ್ಮನ ಹೆಸರಿನ ಹಿಂದೆ ಗಂಡ ಅಡಗಿಕೊಂಡದ್ದು ತನಗೊಬ್ಬಳಿಗೇ ಗೊತ್ತಾಯಿತು ಎಂದುಕೊಂಡಳು. ಅವಳು ತಪ್ಪಿದ್ದು ಅಲ್ಲೇ.

ಗಾಡಿ ಬರುವ ತನಕ ಅವಳು ಊಟ ಸರಿಯಾಗಿ ಮಾಡಲಿಲ್ಲ. ಸಂಜೆ ಎಣ್ಣೆ ತಿಕ್ಕುವಾಗ ಮೊದಲಿಗಿಂತ ಗಟ್ಟಿಯಾಗಿ ತಿಕ್ಕಿದಳು. ಅಮ್ಮನಿಗೆ ಹರಕೆ ಹೊತ್ತಳು. ಪಾದ ಮಾತ್ರ ಅಂಗೈ ಮೇಲೆ ಸುಮ್ಮನೆ ಕೂತಿತ್ತು. ಒಂದು ದಿನ ತಡೆಯಲಾರದೆ, "ನಟರಾಜ್ನ ಕೈಲಿ ಓಡುಸ್ಬೌದಲ್ವ?" ಎಂದಳು. ದಾಸಪ್ಪ ಕಾಲನ್ನು ಕೈಯಿಂದ ಎತ್ತಿ ಆಚೆಗಿಟ್ಟುಕೊಂಡ.

ಕಬ್ಬಾಳಿಗೆ ಗಾಡಿ ಓಡಿಸಿಕೊಂಡು ಬಂದವನು ಮಕ್ಬೂಲ್. ಉಳಿದವರು ಹಿಂದಿನಿಂದ ಆಟೋದಲ್ಲಿ ಬಂದರು. ಮಂಗಳವಾರ, ಗುಡಿಯ ಮುಂದೆ ಜನ. ಪೂಜಾರಿ ಹೊಸ ಗಾಡಿಗೆ ಅರಿಸಿನ ಕುಂಕುಮ ಇಟ್ಟು, ಹಾರ ಹಾಕಿ, ಬೂದುಗುಂಬಳ ಒಡೆಸಿ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟ. ಇನ್ನು ಯಜಮಾನ ಹತ್ತಿ ಅವನ್ನು ತುಳಿಸಿಕೊಂಡು ಮುಂದೆ ಹೋಗಬೇಕು. ಮಕ್ಬೂಲ್ ಇಳಿದು ದಾರಿ ಬಿಟ್ಟ. ನಟರಾಜು ಅಣ್ಣನ ಕಾಲನ್ನೇ ನೋಡುತ್ತಿದ್ದ. ವೆಂಕಟಲಕ್ಷ್ಮಮ್ಮ ಕಣ್ಣು ಮುಚ್ಚಿಕೊಂಡಳು.

"ಹತ್ತಮ್ಮಿ" ಎಂದ ದಾಸಪ್ಪ.

ಅವಳು ಕಣ್ಣು ಬಿಟ್ಟಳು. ಯಾರಿಗೆ ಹೇಳಿದನೆಂದು ಅತ್ತಿತ್ತ ನೋಡಿದಳು.

"ನಿಂಗೇ ಕಣಮ್ಮಿ. ಗೇರು ಪಕ್ಕಕ್ಕೈತೆ, ಸೀರೆಗೆ ಅಡ್ಡ ಬರಾಕಿಲ್ಲ. ಸೀಟು ಮುಂದಕ್ಕೆ ಎಳ್ಸೀನಿ, ನಿನ್ ಕಾಲು ಎಟುಕ್ತದೆ. ಹತ್ತು."

"ಅಣ್ಣಯ್ಯ!" ನಟರಾಜು ಮುಂದೆ ಬಂದ. "ಹೆಣ್ಣೆಂಗ್ಸು ನೇಗ್ಲು ಮುಟ್ಟುದ್ರೆ ಮಳೆ ಹೋಯ್ತದೆ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದೋನು ನೀನೇ ಅಲ್ವಾ?"

"ಹೂಂ ಕಣ್ಲಾ, ನಾನೇ. ಮಳೆ ಹೋದ್ರೆ ಆ ಪಾಪ ನನ್ ತಲೆ ಮ್ಯಾಲಿರ್ಲಿ."

ವೆಂಕಟಲಕ್ಷ್ಮಮ್ಮನಿಗೆ ಖುಷಿಯಾಗಲಿಲ್ಲ. ಖುಷಿಯಾಯಿತು ಎಂದು ಬರೆದರೆ ಕಥೆಗೆ ಚಂದ, ಆದರೆ ಅದು ಸುಳ್ಳು. ಅವಳಿಗೆ ಹೆದರಿಕೆಯಾಯಿತು, ಸಿಟ್ಟೂ ಬಂತು. ಡೇರಿಗೆ ಹಾಲು ಹಾಕಲು ಮೊಪೆಡ್ ಓಡಿಸುತ್ತಿದ್ದಳೇ ಹೊರತು ಇಂಥದರ ಮೇಲೆ ಕೂತವಳಲ್ಲ. ಮೆಟ್ಟಿಲ ಮೇಲೆ ಕಾಲಿಡುವಾಗ ಆ ಗಂಜಲದ ವಾಸನೆ ಎಲ್ಲಿಂದಲೋ ಮೂಗಿಗೆ ಬಂತು. ಮಕ್ಬೂಲ್ ಪಕ್ಕದಲ್ಲಿ ನಿಂತು, "ಎಡಗಾಲು ಪೂರಾ ಒತ್ತಿ ಅಕ್ಕ, ಈಗ ನಿಧಾನಕ್ಕೆ ಬಿಡಿ" ಎಂದ. ಗಾಡಿ ಜಿಗಿದು ನಿಂತಿತು. ಜನ ನಕ್ಕರು. ಇನ್ನೊಂದು ಸಲ ಜಿಗಿದು ನಿಂತಿತು. ಆಮೇಲೆ ನಿಂಬೆಹಣ್ಣು ಪಚಕ್ಕೆಂದು ಅಪ್ಪಚ್ಚಿಯಾದವು. ಅವಳು ತಿರುಗಿ ನೋಡಿದಾಗ ದಾಸಪ್ಪ ಜನರ ನಡುವೆ ಕೋಲಿನ ಮೇಲೆ ಭಾರ ಬಿಟ್ಟು ತಲೆ ತಗ್ಗಿಸಿ ನಿಂತಿದ್ದ.

ವಾಪಸು ಬರುವಾಗ ಗಾಡಿ ಮಕ್ಬೂಲನ ಕೈಗೆ ಹೋಯಿತು, ಆಟೋದಲ್ಲಿ ಅವಳು ಜಗಳಕ್ಕೇ ಬಿದ್ದಳು. "ಮೊದ್ಲೇ ಯಾಕೆ ಹೇಳ್ಳಿಲ್ಲ? ಅಷ್ಟು ಜನದ್ ಮುಂದೆ ನನ್ನ ನಗೆಪಾಟ್ಲು ಮಾಡುದ್ರಲ್ಲ?"

"ಹೇಳಿದ್ರೆ ನೀನು ಒಪ್ತಿರ್ಲಿಲ್ಲ" ಎಂದ. ಎಡಗಾಲನ್ನು ಕೈಯಿಂದ ಸರಿಸಿಕೊಳ್ಳುತ್ತಾ, "ಅಲ್ದೆ, ಕಾಲು ಬರಾಕಿಲ್ಲ ಅಂತ ಬಾಯ್ಬುಟ್ಟು ಹೇಳ್ಬೇಕಿತ್ತಲ್ಲ. ನೀನು ದಿನಾ ಬತ್ತಾ ಐತೆ, ಬತ್ತಾ ಐತೆ ಅಂತಿದ್ದೆ" ಎಂದ.



ಮಕ್ಬೂಲ್ ಬಂದು ಅಂಗಳದಲ್ಲೇ ಕಲಿಸಿದ. ಕೊಟ್ಟಿಗೆಯ ಕಂಬ ಒಂದು ಹೋಯಿತು, ತುಳಸಿಕಟ್ಟೆಯ ಮೂಲೆ ಒಡೆಯಿತು, ಅಂತೂ ಕೈ ಹದಕ್ಕೆ ಬಂತು. ಯುಗಾದಿಯ ಹಿಂದೆಯೇ ಒಂದು ಹದಮಳೆ ಬಿದ್ದಾಗ ಅವಳು ಹಿಪ್ಪುನೇರಳೆಗೆ ಗಾಡಿ ಇಳಿಸಿದಳು. ಬದುವಿನ ಮೇಲೆ ಗಂಡನಿಗೆಂದು ಕುರ್ಚಿ ಹಾಕಿದ್ದಳು. ದಾಸಪ್ಪ ಬರಲಿಲ್ಲ. ಒಳಗೆ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ. ಖಾಲಿ ಕುರ್ಚಿಯ ಮುಂದೆಯೇ ಅವಳು ದಿನವೆಲ್ಲ ಉತ್ತಳು. ನಟರಾಜು ತನ್ನ ಹೊಲದಲ್ಲಿ ನಿಂತು ನೋಡಿ ಹೋದ. ಬದು ಇದ್ದಲ್ಲೇ ಇತ್ತು.

ಸಂಜೆ ಗಾಡಿ ಇಳಿದಾಗ ಅವಳ ಎರಡೂ ಕಾಲಿಗೆ ಮಣ್ಣು ಮೆತ್ತಿತ್ತು. ಬಚ್ಚಲಿನಿಂದ ಜಗಲಿಯವರೆಗೆ ನೆಲ ಒದ್ದೆಯಾಗಿತ್ತು. ದಾಸಪ್ಪ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಚೆಂಬು ಹಿಡಿದು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ. ಚೆಂಬಿನಲ್ಲಿ ಹಂಡೆಯ ಬಿಸಿನೀರು. ಅವನು ಉತ್ತು ಬಂದಾಗಲೆಲ್ಲ ಅವಳು ಕಾಲಿಗೆ ಹಾಗೆ ನೀರು ಹಾಕುತ್ತಿದ್ದಳು. ಅವನು ಯಾರ ಕಾಲಿಗೂ ಹಾಕಿದವನಲ್ಲ.

"ಸಾಲು ನೆಟ್ಟಗೆ ಬಂತಾ?"

"ಬಂತು."

"ತೆಂಗಿನ ಮರದ ತಾವು ಗಾಡಿ ಆಫ್ ಆಯ್ತಲ್ಲ. ಒಂದೆರಡು ಹಿಪ್ನೇರಳೆ ಬುಡ ಕಿತ್ತೋಗಿರ್ಬೇಕು."

ಕಿತ್ತುಹೋಗಿದ್ದವು. ಮಲಗಿದವನು ಮಲಗಿದಲ್ಲಿಂದಲೇ ಒಂದೊಂದು ಸಾಲನ್ನೂ ಕಿವಿಯಲ್ಲಿ ಉತ್ತಿದ್ದ. "ನಾಳೆ ಬಂದು ಕುರ್ಚಿ ಮ್ಯಾಲೆ ಕೂತ್ಕಳಿ, ನೀವು ಹೇಳ್ದಂಗೆ ಓಡುಸ್ತೀನಿ" ಎಂದಳು.

"ಬ್ಯಾಡ ಕಣಮ್ಮಿ. ನೋಡಾಕಾಗಾಕಿಲ್ಲ ನಂಗೆ."

ಅವಳು ಸೀರೆ ಎತ್ತಿ ಹಿಡಿದು ಚಪ್ಪಡಿಯ ಮೇಲೆ ಕಾಲಿಟ್ಟಳು. ಅವನು ಕಂಬಕ್ಕೆ ಬೆನ್ನು ಕೊಟ್ಟು ಚೆಂಬು ಬಗ್ಗಿಸಿದ. ಹೊಲದ ಕೆಮ್ಮಣ್ಣು ಅವಳ ಪಾದದಿಂದ ಇಳಿದು ಚಪ್ಪಡಿಯ ಸಂದಿಗೆ ಹರಿದುಹೋಗುವುದನ್ನೇ ನೋಡುತ್ತಾ ನಿಂತ. ನೀರು ಮುಗಿದ ಮೇಲೂ ಚೆಂಬನ್ನು ಬಗ್ಗಿಸಿಯೇ ಹಿಡಿದಿದ್ದ.