ಪಥ್ಯದಕ್ಕ
ನಮ್ಮ ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂತು ಊರವರ ಮುಖದ ಮೊಡವೆಗಳನ್ನೆಲ್ಲ ಅಳಿಸುವ ಪಥ್ಯದಕ್ಕನ ಕೆನ್ನೆಯಲ್ಲಿ ಮಾತ್ರ ಮೊಡವೆಗಳ ನಡುವೆ ಸಾಸಿವೆ ಇಡಲೂ ಜಾಗವಿಲ್ಲ. ಹೋದ ವಾರ ಹಾಲು ಬಿಟ್ಟಿದ್ದಳು, ಈ ವಾರ ಸಕ್ಕರೆ, ಮುಂದಿನ ವಾರ ಎಣ್ಣೆಯ ಸರದಿ. "ಒಂದೇ ವಾರ, ಮುಖ ಕನ್ನಡಿ ಥರ ಆಗುತ್ತೆ, ನೋಡ್ತಿರಿ" ಎನ್ನುವುದು ಪ್ರತಿ ಸೋಮವಾರದ ಮಾತು. ಯಾರದೋ ಹುಟ್ಟುಹಬ್ಬದ ಕೇಕ್ ಬಂದರೆ ಕುರ್ಚಿ ತಿರುಗಿಸಿ, ಮೂಗು ಮುಚ್ಚಿ ಕೂರುತ್ತಾಳೆ. ವಾಸನೆಗೂ ಮೊಡವೆ ಏಳುತ್ತದೆಂದು ಅವಳ ಗುಮಾನಿ. ಬೆಳಿಗ್ಗೆ ಬಂದವಳೇ ಇನ್ನೂ ಹಚ್ಚದ ಮಾನಿಟರಿನ ಕಪ್ಪಿನಲ್ಲಿ ಕೆನ್ನೆ ನೋಡಿಕೊಂಡು "ಸ್ವಲ್ಪ ಇಳಿದಿದೆ ಅಲ್ವಾ?" ಎಂದು ಕೇಳುತ್ತಾಳೆ. ನಾವು "ಹೂಂ" ಎನ್ನುತ್ತೇವೆ. ಅದು ಸುಳ್ಳೆಂದು ಅವಳಿಗೂ ಗೊತ್ತು. ಮೊನ್ನೆ ತನ್ನದೇ ಫೋಟೋ ತೆಗೆಸಿಕೊಂಡು, ಮೊಡವೆಗಳನ್ನು ಒಂದೊಂದಾಗಿ ಅಳಿಸುತ್ತಾ, ಕೈ ನಿಲ್ಲದೆ, ಹುಟ್ಟಿದಂದಿನಿಂದ ಗಲ್ಲದ ಮೇಲಿದ್ದ ಮಚ್ಚೆಯನ್ನೂ ಅಳಿಸಿಬಿಟ್ಟಳು. ಅಷ್ಟರಲ್ಲಿ ಊಟದ ಡಬ್ಬಿ ಕೊಡಲು ಬಂದ ಅವಳ ಅಮ್ಮ ಪರದೆಯತ್ತ ಬಗ್ಗಿ ನೋಡಿ, "ಎಷ್ಟು ಲಕ್ಷಣವಾಗಿದ್ದಾಳೆ! ಯಾರ ಮಗಳೇ ಇವಳು?" ಎಂದರು. "ಯಾರೋ ಗಿರಾಕಿ, ಬಿಡಮ್ಮಾ" ಎಂದು ಪಥ್ಯದಕ್ಕ ಫೋಟೋ ಮುಚ್ಚಿದಳು. ಆವತ್ತು ಡಬ್ಬಿಯ ಮುಚ್ಚಳವನ್ನು ಅವಳು ತೆಗೆಯಲೇ ಇಲ್ಲ.