ಹಿಂದಕ್ಕೆ ತಿರುಗಿದ ಶಾಫ್ಟು

ಚಿತ್ರದುರ್ಗದ ಹೊರಗೆ, ಹಿರಿಯೂರು ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ ನಾನು ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಮಷೀನಿಗೆ ಪ್ರೋಗ್ರಾಂ ಬರೆಯುತ್ತಿದ್ದೆ. ದಿನವೂ ಹೊಳಲ್ಕೆರೆಯಿಂದ ಬಸ್ಸು. ಮಷೀನು ನಡೆಸುತ್ತಿದ್ದವರು ಹೊಸದುರ್ಗದ ಕಡೆಯವರು, ಕುರಿ ಸಾಕುವ ಮನೆತನ. ನನಗಿಂತ ಇಪ್ಪತ್ತು ವರ್ಷ ಹಿರಿಯರು. ಅವರನ್ನು ಅಣ್ಣ ಎನ್ನುತ್ತಿದ್ದೆ.

ಆ ಸಲ ಬಂದದ್ದು ಶೇಂಗಾ ಎಣ್ಣೆ ಗಾಣದ ಸ್ಕ್ರೂ ಶಾಫ್ಟು. ದಪ್ಪ ಉಕ್ಕಿನ ಮೈಮೇಲೆ ಸುರುಳಿಯಾಗಿ ಕೊರೆಯುವ ಕೆಲಸ. ಮಷೀನು ಶಾಫ್ಟನ್ನು ನಿಧಾನಕ್ಕೆ ತಿರುಗಿಸುತ್ತಿದ್ದರೆ ಮೇಲಿನ ಕಟರು ಉದ್ದಕ್ಕೂ ಸರಿಯುತ್ತ ಹೋಗಬೇಕು. ಕಂಪ್ಯೂಟರಿನ ಪರದೆಯಲ್ಲಿ ಎಲ್ಲ ಸುಸೂತ್ರವಾಗಿಯೇ ಕಂಡಿತ್ತು.

ಮಷೀನಿನಲ್ಲಿ ಒಂದು ಸುತ್ತು ಮುಗಿಯುವ ಹೊತ್ತಿಗೆ ಟಪ್ಪೆಂದು ಕಟರು ಮುರಿಯಿತು. ಅದರ ಚೂರು ಮಷೀನಿನ ಬಾಗಿಲಿನ ಗಾಜಿಗೆ ಬಡಿಯಿತು. ಗಾಜಿನ ಈಚೆ, ಗೇಣು ದೂರದಲ್ಲಿ, ಅಣ್ಣನ ಮುಖವಿತ್ತು.

ಮಾಲೀಕರು ಓಡಿಬಂದರು. ಅವರು ಬಾಯಿ ತೆರೆಯುವ ಮೊದಲೇ ನಾನು, "ಪ್ರೋಗ್ರಾಂ ಸರಿ ಐತೆ ಸರ್. ಅಣ್ಣ ಶಾಫ್ಟ್ ಬಿಗಿಯಾಗಿ ಕಟ್ಟಿಲ್ಲ ಅನ್ಸುತ್ತೆ" ಎಂದುಬಿಟ್ಟೆ.

ಅಣ್ಣ ನನ್ನನ್ನೊಮ್ಮೆ ನೋಡಿದರು. ಮಾಲೀಕರು ಅವರನ್ನು ಮಷೀನಿನಿಂದ ತೆಗೆದು, ಕೈಯಿಂದ ನಡೆಸುವ ಹಳೆಯ ಲೇತಿಗೆ ಕಳಿಸಿದರು.

ಮಾರನೆಯ ಬೆಳಿಗ್ಗೆ ಬಸ್ಸಿನಲ್ಲೂ ಆ ಗಾಜಿನ ಸದ್ದು ಕಿವಿಯಲ್ಲಿತ್ತು. ಬಂದವಳೇ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದೆ. ಕಟರು ಮುರಿದ ಜಾಗದಲ್ಲಿ ಶಾಫ್ಟಿನ ಕೋನ ಮುನ್ನೂರ ಐವತ್ತೊಂಬತ್ತು ಡಿಗ್ರಿ. ಮುಂದಿನ ಸಾಲಿನಲ್ಲಿ ಸೊನ್ನೆ. ನಮ್ಮ ಲೆಕ್ಕಕ್ಕೆ ಒಂದೇ ಡಿಗ್ರಿ ಮುಂದೆ. ಮಷೀನೂ ಹಾಗೇ ತಿಳಿಯುತ್ತದೆಯೇ? ಕಟರನ್ನು ಮೇಲೆತ್ತಿ, ಗಾಳಿಯಲ್ಲೇ ಓಡಿಸಿ ನೋಡಬೇಕು. ಸ್ಟಾಪ್ ಬಟನ್ ಮೇಲೆ ಪಳಗಿದ ಕೈ ಬೇಕು. ಅಂಥ ಕೈ ಅಲ್ಲಿ ಇದ್ದದ್ದು ಒಬ್ಬರದೇ.

ಲೇತಿನ ಹತ್ತಿರ ಹೋಗಿ ನಿಂತೆ.

"ಏನವ್ವ?" ಎಂದರು ಅಣ್ಣ.

"ಒಂದ್ಸಲ ಬರ್ರಿ ಅಣ್ಣ. ತಪ್ಪು ನಂದೇ ಇರ್ಬೇಕು."

ಕೈ ಒರೆಸಿಕೊಂಡು ಬಂದರು. ಶಾಫ್ಟಿನ ಮೇಲೆ ಚಾಕ್‌ಪೀಸಿನಿಂದ ಒಂದು ಗೆರೆ ಎಳೆದರು. ಮಷೀನು ಶುರು ಮಾಡಿದೆವು. ಗೆರೆ ನಿಧಾನವಾಗಿ ಕೆಳಗಿಳಿದು, ಹಿಂದೆ ಮರೆಯಾಗಿ, ಮತ್ತೆ ಮೇಲೆ ಬಂತು. ಇನ್ನೇನು ಸುತ್ತು ಮುಗಿಯಿತು ಎನ್ನುವಾಗ ಶಾಫ್ಟು ಗಿರ್ರನೆ ಹಿಂದಕ್ಕೆ ತಿರುಗತೊಡಗಿತು. ಅಣ್ಣ ಬಟನ್ ಒತ್ತಿದರು.

"ಸುತ್ತಿದ ಹಗ್ಗ ಬಿಚ್ಚಿದಂಗೆ ಬಿಚ್ತಲ್ಲವ್ವ! ಕಟರ್ ಒಳಗಿದ್ರೆ ಮುರೀದೆ ಇರ್ತೈತಾ?"

ಸೊನ್ನೆ ಎಂದು ಬರೆದದ್ದಕ್ಕೆ ಮಷೀನು ಹೊರಟ ಜಾಗಕ್ಕೇ ಮರಳುತ್ತಿತ್ತು. ಕಂಪ್ಯೂಟರಿನ ಚಿತ್ರವನ್ನು ಮಷೀನಿಗೆ ಬೇಕಾದ ಸಾಲುಗಳಾಗಿ ಬದಲಿಸುವ ಫೈಲೊಂದಿತ್ತು. ಅದರಲ್ಲಿ ಕೋನ ಮುನ್ನೂರ ಅರವತ್ತಾದ ಕೂಡಲೇ ಮತ್ತೆ ಸೊನ್ನೆಯಿಂದ ಎಣಿಕೆ. ನಾನು ಅದನ್ನು ನೋಡಿಯೇ ಇರಲಿಲ್ಲ. ಎಣಿಕೆ ಮುನ್ನೂರ ಅರವತ್ತೊಂದು, ಅರವತ್ತೆರಡು ಎಂದು ಮುಂದುವರಿಯುವಂತೆ ತಿದ್ದಿದೆ. ಮತ್ತೆ ಗಾಳಿಯಲ್ಲಿ ಓಡಿಸಿದೆವು. ಗೆರೆ ಸುತ್ತಿನ ಮೇಲೆ ಸುತ್ತು ಮುಂದಕ್ಕೇ ಹೋಯಿತು. ಇನ್ನು ಮಾಲೀಕರಿಗೆ ಹೇಳುವುದು ಬಾಕಿಯಿತ್ತು.

"ಬಿಡವ್ವ, ಆಗೋಗೈತೆ" ಎಂದರು ಅಣ್ಣ.

ಆದರೂ ಹೋದೆ. "ತಪ್ಪು ನನ್ ಪ್ರೋಗ್ರಾಮಿಂದು ಸರ್. ನಿನ್ನೆ ಗೊತ್ತಿಲ್ದೆ ಅಣ್ಣನ ಮೇಲೆ ಹಾಕ್ದೆ. ಅವರು ಶಾಫ್ಟ್ ಸರಿಯಾಗೇ ಕಟ್ಟಿದ್ರು."

ಮಾಲೀಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಂಗಲ್ಲ, ಹೊರಗ್ ಬಂದು ಎಲ್ರ ಮುಂದೆ ಹೇಳು."

ಲೇತಿನವರು, ವೆಲ್ಡಿಂಗಿನವರು ಎಲ್ಲ ಕೇಳುವಂತೆ ಹೇಳಿದೆ. ಅಣ್ಣ ನೆಲ ನೋಡುತ್ತಿದ್ದರು.

ಅಂದೇ ಅವರು ಮಷೀನಿಗೆ ವಾಪಸಾದರು. ಆದರೆ ಆಮೇಲೆ ನನ್ನ ಯಾವ ಪ್ರೋಗ್ರಾಮನ್ನೂ "ಮೊದ್ಲು ಗಾಳೀಲಿ ಓಡ್ಸಿ ತೋರ್ಸವ್ವ" ಎನ್ನದೆ ಅವರು ಶುರು ಮಾಡಲಿಲ್ಲ. ಅದು ಓಡುವಷ್ಟು ಹೊತ್ತೂ ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ.