ಕಂಬಳಿಯ ಮೇಲೆ ಕುಳಿತು ಸಿದ್ದರಾಮ ಹೇಳಿದ್ದು

ನ್ಯಾಲ್ಕಲ್ ಕಡೆಯ ಸಿದ್ದರಾಮನಿಗೆ ಕುರಿಗಳ ವಿಷಯದಲ್ಲಿ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಹಿಂಡಿನಲ್ಲಿ ಕುರಿಗಳು ಗಬ್ಬವಾಗಲಿಲ್ಲವೆಂದರೆ ಅವನು ಕುರಿಗಳನ್ನು ಬೈಯುವುದಿಲ್ಲ, ಟಗರನ್ನು ಬದಲಾಯಿಸುತ್ತಾನೆ. ಅವನ ಅಪ್ಪ, ಅಜ್ಜ ಮಾಡಿದ್ದೂ ಅದನ್ನೇ. ಆದರೆ ಮದುವೆಯಾಗಿ ವರ್ಷಗಳು ಕಳೆದರೂ ಮನೆಯಲ್ಲಿ ತೊಟ್ಟಿಲು ಕಟ್ಟದಿದ್ದಾಗ ಇದೇ ಜಾಣ ಮನೆತನ ಅವನ ಹೆಂಡತಿ ಭವಾನಿಯನ್ನು ಕಂಡಕಂಡ ದೇವರಿಗೆ ಸುತ್ತಿಸಿತು, ಉಪವಾಸ ಮಾಡಿಸಿತು, ಕಹಿ ಬೇರು ಅರೆದು ಕುಡಿಸಿತು. ಟಗರಿನ ಮಾತನ್ನು ಯಾರೂ ಎತ್ತಲಿಲ್ಲ. ಹಟ್ಟಿಯ ಬುದ್ಧಿ ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ, ಏನು ಮಾಡುವುದು!

ಕೊನೆಗೆ ಎತ್ತಿದವಳು ಭವಾನಿಯೇ. ಕುರಿಯ ಕಾಲಿನ ಮುಳ್ಳು ತೆಗೆಯುತ್ತ, ತಲೆ ಎತ್ತದೆ ಅಂದಳು: "ಹಿಂಡಿಗೊಂದು ನ್ಯಾಯ, ನನಗೊಂದು ನ್ಯಾಯ ಏನ್ರಿ?"

ಸಿದ್ದರಾಮ ಕೆಲವು ದಿನ ಮುಖ ಊದಿಸಿಕೊಂಡು ತಿರುಗಿದ. ಆಮೇಲೆ ಮನೆಯಲ್ಲಿ ಏನೋ ನೆಪ ಹೇಳಿ ಇಬ್ಬರೂ ಜಹೀರಾಬಾದಿನ ಬಸ್ಸು ಹತ್ತಿದರು.

ಅಲ್ಲಿನ ಡಾಕ್ಟರು ಸೌಮ್ಯಾ, ನಾರಾಯಣಖೇಡ ಊರಿನ ಮಗಳು, ಇವರದೇ ಕನ್ನಡ. ಭವಾನಿಯಲ್ಲಿ ಏನೂ ಕೊರತೆ ಸಿಗಲಿಲ್ಲ. ಸಿದ್ದರಾಮನ ಪರೀಕ್ಷೆಯ ಮಾದರಿಗಳು ಹೈದರಾಬಾದಿಗೆ ಹೋಗಿ ವರದಿ ಬಂತು. ಆಮೇಲೆ ಇಬ್ಬರನ್ನೂ ಕೂರಿಸಿಕೊಂಡು ಆಕೆ ನಿಧಾನವಾಗಿ ಹೇಳಿದರು.

"ನಿಮ್ಮಲ್ಲಿ ಬೀಜ ಹುಟ್ಟಾಕ ಶುರು ಆಗ್ತದ, ಆದರ ನಡುದಾರ್ಯಾಗ ನಿಂತುಬಿಡ್ತದ. ಒಂದು ಜೀವಕೋಶ ಎರಡು ಸಲ ಒಡದು ನಾಕು ಆಗಬೇಕು, ಒಳಗಿನ ಗುಣ ಅರ್ಧರ್ಧ ಹಂಚಿಕೋಬೇಕು. ಒಂದೊಂದು ಹಂತಕ್ಕ ಬ್ಯಾರೆಬ್ಯಾರೆ ಪ್ರೋಟೀನ್ ಕೆಲಸ ಮಾಡ್ತಾವ. ಕೆಲಸ ಮುಗಿದದ್ದು ಕರಗಿ ಹೋಗಬೇಕು. ಹೋಗಲಿಲ್ಲಂದ್ರ ಮುಂದಿನ ಹಂತ ಶುರು ಆಗಂಗಿಲ್ಲ."

"ಅದನ್ನ ಹೊರಗ ಹಾಕೋರು ಯಾರ್ರಿ?" ಎಂದು ಸಿದ್ದರಾಮ ಕೇಳಿದ.

"ಸಂತಿಗಿ ಹೊಡಿಯೋ ಕುರಿಗಿ ಬಣ್ಣ ಹಚ್ಚತೀರಲ್ಲ, ಹಂಗ ಶರೀರ ಹಳೇ ಪ್ರೋಟೀನಿಗಿ ಒಂದು ಗುರುತು ಹಚ್ಚತದ. ಗುರುತು ಇದ್ದದ್ದನ್ನ ಪುಡಿ ಮಾಡೋ ಯಂತ್ರ ಒಳಗೇ ಅದ. ನಿಮ್ಮ ಬೀಜದಾಗ ಆ ಗುರುತು ಹಚ್ಚೋ ಕೆಲಸ ಸರಿ ನಡೆದಿಲ್ಲ."

"ಅಂದ್ರ ಬಣ್ಣ ಹಚ್ಚೋನೇ ಗೈರುಹಾಜರ್ ಅನ್ರಿ," ಎಂದು ಸಿದ್ದರಾಮ ನಗಲು ಹೋದ.

"ಇದು ಹುಟ್ಟಿನಿಂದ ಬಂದದ್ದು. ಗಂಡಸುತನಕ್ಕೂ ಇದಕ್ಕೂ ಸಂಬಂಧ ಇಲ್ಲ. ಎಲ್ಲೋ ಒಂದೆರಡು ಬೀಜ ಕೊನೀತನಕ ಮುಟ್ಟಿರಬಹುದು. ಸಣ್ಣ ಆಪರೇಷನ್ ಮಾಡಿ ಹುಡುಕಬೇಕು. ಸಿಗ್ತಾವಂತ ನಾ ಮಾತು ಕೊಡಂಗಿಲ್ಲ. ಆದರ ಹುಡುಕದೇ ಬಿಡಬ್ಯಾಡ್ರಿ."

ಮರಳಿ ಬರುವಾಗ ಸಿದ್ದರಾಮ ಹೆಂಡತಿಯ ಕಿವಿಯಲ್ಲಿ, "ಅವ್ವಗ ಹೇಳಬ್ಯಾಡ," ಎಂದ. ಭವಾನಿ ಕಿಟಕಿಯ ಹೊರಗೇ ನೋಡುತ್ತ, "ನಾ ಹೇಳಂಗಿಲ್ಲ. ಹೇಳೋದು ನಿಮ್ಮ ಕೆಲಸ," ಎಂದಳು.

ಸತ್ಯ ಅವನ ಬಾಯಲ್ಲಿ ಬಿಸಿ ತುಪ್ಪವಾಗಿ ಕುಳಿತಿತು, ನುಂಗಲೂ ಆಗದು, ಉಗುಳಲೂ ಆಗದು. ಅತ್ತ ತಾಯಿ ಅಮೃತಬಾಯಿ ಸುಮ್ಮನಿರಲಿಲ್ಲ. ಬಂಜಿಯನ್ನು ತವರಿಗೆ ಕಳಿಸಿ ಮಗನಿಗೆ ಎರಡನೆಯ ಹೆಣ್ಣು ತರುವುದೆಂದು ರಾಯಿಕೋಡಿನ ಯಂಕಪ್ಪನ ಮನೆಗೆ ಹೇಳಿಕಳಿಸಿಯೇಬಿಟ್ಟಳು. ಯಂಕಪ್ಪ ಬಂದೂ ಬಂದ.

ಅವರ ಜನದಲ್ಲಿ ಸಂಬಂಧದ ಮಾತು ಕರಿಕಂಬಳಿ ಹಾಸಿ ಅದರ ಮೇಲೆ ಕುಳಿತೇ ಆಗಬೇಕು. ಅಲ್ಲಿ ಕುಳಿತವನು ಸುಳ್ಳಾಡುವಂತಿಲ್ಲ. ಯಂಕಪ್ಪ ಲೋಕ ಕಂಡವನು, ನೇರ ಕೇಳಿದ.

"ಒಬ್ಬಾಕಿ ಮನ್ಯಾಗ ಇದ್ದಾಗ ಮಗಳ್ನ ಕೊಡೋದು ಆಟ ಅಲ್ಲ. ಆಕಿದೇ ದೋಷ ಅಂತ ನೀನೇ ಹೇಳಪ್ಪ, ಸಾಕು."

ಭವಾನಿ ಚಹಾ ತಂದು ನಿಂತಿದ್ದಳು. ಗಂಡನ ಕಡೆ ನೋಡಲೂ ಇಲ್ಲ. ಹೇಳಿದರೆ ಊರಲ್ಲಿ ತಲೆ ಎತ್ತುವಂತಿಲ್ಲ. ಹೇಳದಿದ್ದರೆ ಈಕೆ ಹೋಗುತ್ತಾಳೆ, ನಾಳೆ ಇನ್ನೊಬ್ಬಳು ಇದೇ ಬಯ್ಗುಳ ತಿನ್ನಲು ಬರುತ್ತಾಳೆ. ಸಿದ್ದರಾಮನ ಬೆರಳು ಕಂಬಳಿಯ ಅಂಚನ್ನು ಹಿಂಜುತ್ತಿತ್ತು.

"ಆಕಿದಲ್ರಿ, ನಂದು," ಎಂದ. "ನನ್ನ ಬೀಜ ಬೆಳಿಯಂಗಿಲ್ಲ, ನಡುವೇ ನಿಲ್ತದ. ಡಾಕ್ಟರಮ್ಮ ನೋಡ್ಯಾರ. ನಿಮ್ಮ ಮಗಳು ಬಂದ್ರೂ ಹಿಂಗೇ."

ಗುರುತು, ಬಣ್ಣ ಎಂದು ಇನ್ನೂ ಏನೇನೋ ತೊದಲಿದ. ಅದು ಯಾರಿಗೂ ತಿಳಿಯಲಿಲ್ಲ. ತಿಳಿಯಬೇಕಾದದ್ದು ತಿಳಿದಿತ್ತು. ಯಂಕಪ್ಪ ಎದ್ದು ಅವನ ಹೆಗಲ ಮೇಲೆ ಕೈಯಿಟ್ಟು, "ನನ್ನ ಮಗಳ ಬಾಳು ಉಳಿಸಿದಿ," ಎಂದು ಹೇಳಿ ಹೋದ.

ಅಮೃತಬಾಯಿ ಸೊಸೆಯನ್ನು ಕರೆದಳು.

"ನಿನಗ ಗೊತ್ತಿತ್ತೇನ?"

"ಗೊತ್ತಿತ್ರಿ ಅತ್ತಿ."

"ಇಷ್ಟು ಅನಿಸಿಕೊಂಡು ಯಾಕ ಸುಮ್ಮನಿದ್ದಿ?"

"ಅವರೇ ಹೇಳಬೇಕಾಗಿತ್ರಿ."

ಮುದುಕಿ ಸೊಸೆಯ ಕೈ ಹಿಡಿದು ಅತ್ತಳು. ಅಳು ಮುಗಿಸಿ, ಕೊಡ ಎತ್ತಿಕೊಂಡು ನಳದ ಕಟ್ಟೆಗೆ ನಡೆದಳು. ಯಾವ ನಾಲಿಗೆಯಿಂದ ಭವಾನಿಯನ್ನು ಬಂಜಿ ಎಂದು ಸಾರಿದ್ದಳೋ ಅದೇ ನಾಲಿಗೆ, ಅದೇ ದನಿ:

"ಕೇಳ್ರೇ ಎಲ್ಲಾರು! ನನ್ನ ಸೊಸಿ ಬಂಜಿ ಅಲ್ಲ! ಕೊರತಿ ನನ್ನ ಮಗನಾಗ ಅದ. ಆಪರೇಷನ್ ಮಾಡಿಸಾಕ ನಾನೇ ಕರಕೊಂಡು ಹೊಂಟೀನಿ. ಇನ್ನ ಯಾರರೆ ಆಕಿಗಿ ಒಂದು ಮಾತು ಅಂದ್ರ ನೋಡ್ರಿ!"

ಸಿದ್ದರಾಮನ ಕಿವಿ ಕೆಂಪಗಾದವು. ನಾಚಿಕೆಯಾಯಿತು. ಆದರೂ ಎದೆ ಹಗುರವಾಗಿತ್ತು. ಅರ್ಧ ಎದ್ದು ಹೆಂಡತಿಯ ಕಡೆ ತಿರುಗಿದ.

"ಹೋಗಿ ಅವ್ವನ್ನ ಸುಮ್ಮನ ಮಾಡಲೇನು?"

"ಬ್ಯಾಡ್ರಿ," ಎಂದಳು ಭವಾನಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಇನ್ನಾ ಆಚಿ ಓಣ್ಯಾಗಿನವರಿಗಿ ಕೇಳಿಲ್ಲ."